ಅಡ್ಡಬಂದು ಕಾಯುವವನು

ಸಾಹಿತ್ಯದ ಪಾಠ ಹೇಳುವ ನನಗೆ ಅಲಿಕ್ ಐಸಾಕ್ಸ್ ಎಂಬ ವಿಜ್ಞಾನಿಯ ಪರಿಚಯವಾದದ್ದು ಒಂದು ಪದದ ಮೂಲವನ್ನು ಅರಸುವಾಗ. ಆತ ಹುಟ್ಟಿದ್ದು 1921ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ವೈದ್ಯವಿದ್ಯೆಯನ್ನು ಕಲಿತು, ಇನ್‌ಫ್ಲುಯೆಂಜಾ ವೈರಸ್ಸಿನ ಅಧ್ಯಯನಕ್ಕೆ ತನ್ನನ್ನು ಒಪ್ಪಿಸಿಕೊಂಡ. 1957ರಲ್ಲಿ ಲಂಡನ್ನಿನ ಮಿಲ್ ಹಿಲ್ ಸಂಶೋಧನಾಲಯದಲ್ಲಿ ಆತನೂ ಸ್ವಿಟ್ಜರ್ಲೆಂಡಿನ ತರುಣ ಲಿಂಡೆನ್‌ಮನ್ನನೂ ಕೂಡಿ, ಕಾಯಿಸಿ ಶಕ್ತಿಗುಂದಿಸಿದ ವೈರಸ್ಸನ್ನು ಕೋಳಿಮೊಟ್ಟೆಯೊಳಗಿನ ಪೊರೆಯೊಡನೆ ಇರಿಸಿದರು. ಅದರಿಂದ ಒಸರಿದ ದ್ರವವನ್ನು ಹೊಸ ಪೊರೆಗೆ ಸೇರಿಸಿದಾಗ, ಜೀವಂತ ವೈರಸ್ಸೂ ಅಲ್ಲಿ ಬೆಳೆಯದಾಯಿತು. ಸೋಂಕು ತಗುಲಿದ ಜೀವಕೋಶವು ನೆರೆಯ ಕೋಶಗಳಿಗೆ ಎಚ್ಚರಿಕೆ ಕಳುಹಿಸುತ್ತದೆಂಬುದು ಹೀಗೆ ತಿಳಿಯಿತು. ಆ ಎಚ್ಚರಿಕೆಯನ್ನು ಹೊತ್ತ ಪ್ರೋಟೀನಿಗೆ ಅವರಿಟ್ಟ ಹೆಸರು ಇಂಟರ್‌ಫೆರಾನ್. ಅಡ್ಡಬರುವುದೆಂಬ ಅರ್ಥದ ಇಂಗ್ಲಿಷ್ ಮಾತಿನಿಂದ ಹುಟ್ಟಿದ್ದು. ನಮ್ಮಲ್ಲಿ ಅಡ್ಡಬರುವವನೆಂದರೆ ನಿಂದೆ. ಇಲ್ಲಿ ಅವನೇ ರಕ್ಷಕ.

ಆದರೆ ಹಲವರು ನಂಬಲಿಲ್ಲ. ಆ ವಸ್ತುವನ್ನು ಶುದ್ಧರೂಪದಲ್ಲಿ ತೋರಿಸುವುದು ಅಂದು ಸಾಧ್ಯವಿರಲಿಲ್ಲ; ಅದು ಬರಿಯ ಕಲ್ಪನೆಯ ಕೂಸೆಂದು ಗೇಲಿ ಮಾಡಿದವರೂ ಉಂಟು. 1967ರಲ್ಲಿ, ನಲವತ್ತೈದನೆಯ ವಯಸ್ಸಿನಲ್ಲಿ, ಐಸಾಕ್ಸ್ ತೀರಿಕೊಂಡ. 1980ರಲ್ಲಿ ವಿಜ್ಞಾನಿಗಳು ಮಾನವ ಇಂಟರ್‌ಫೆರಾನನ್ನು ಬ್ಯಾಕ್ಟೀರಿಯಾಗಳಿಂದಲೇ ತಯಾರಿಸಿ ತೋರಿದರು. 1986ರಲ್ಲಿ ಅಮೆರಿಕದಲ್ಲಿ ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಅದು ಔಷಧವಾಯಿತು. ಮುಂದೆ ಯಕೃತ್ತಿನ ವೈರಸ್ ರೋಗಗಳಿಗೂ ಬಳಕೆಗೆ ಬಂದಿತು.

ನೆರೆಯವರಿಗೆ ಎಚ್ಚರ ಹೇಳಿ ತಾನು ಅಳಿದುಹೋಗುವ ಆ ಜೀವಕೋಶವನ್ನು ನೆನೆದಾಗಲೆಲ್ಲ ನನಗೆ ಐಸಾಕ್ಸನ ಬಾಳೇ ಕಣ್ಣಮುಂದೆ ನಿಲ್ಲುತ್ತದೆ.