ಮೇಲಕ್ಕೆ ತೆರೆಯುವ ಬಾಗಿಲು ಶೋಕಿಗಾಗಿಯೇ?

ಕುಕ್ ಟೌನ್‌ನ ಹಳೆಯ ರಸ್ತೆಗಳಲ್ಲಿ ಕಾಂಪೌಂಡ್ ಗೋಡೆಗೆ ಅಂಟಿಸಿದಂತೆ ಕಾರು ನಿಲ್ಲಿಸಿ, ಬಾಗಿಲು ತೆರೆಯಲು ಜಾಗವಿಲ್ಲದೆ ಪಕ್ಕದ ಸೀಟಿನಿಂದ ಇಳಿಯುವ ಪಾಡು ನಮಗೆ ಹೊಸದಲ್ಲ. ಹಕ್ಕಿಯ ರೆಕ್ಕೆಯಂತೆ ಬಾಗಿಲು ಮೇಲಕ್ಕೇಳುವ ಕಾರಿದ್ದರೆ ಎಷ್ಟು ಚೆನ್ನ ಎಂದು ಆಗ ಅನ್ನಿಸುತ್ತದೆ. ಅಂಥ ಕಾರುಗಳಲ್ಲಿ ತುಂಬಾ ಹೆಸರಾದದ್ದು ಜರ್ಮನಿಯ ಮರ್ಸಿಡಿಸ್ 300 ಎಸ್‌ಎಲ್. ಅದರ ಬಾಗಿಲು ಬರೀ ಶೋಕಿಗೆ ಎಂಬುದು ಹಲವರ ನಂಬಿಕೆ. ನಿಜ ಬೇರೆಯೇ ಇದೆ.

ಅದನ್ನು ರೂಪಿಸಿದ ರುಡಾಲ್ಫ್ ಉಲೆನ್‌ಹೌಟ್ ಹುಟ್ಟಿದ್ದು 1906ರಲ್ಲಿ, ಲಂಡನ್‌ನಲ್ಲಿ. ತಂದೆ ಜರ್ಮನ್, ತಾಯಿ ಇಂಗ್ಲಿಷ್. 1931ರಲ್ಲಿ ಡೈಮ್ಲರ್-ಬೆಂಜ್ ಸೇರಿ, ಮೂವತ್ತರ ವಯಸ್ಸಿಗೇ ರೇಸ್ ಕಾರುಗಳ ತಾಂತ್ರಿಕ ಹೊಣೆ ಹೊತ್ತರು. ದೋಷ ಎಲ್ಲಿದೆಯೆಂದು ತಿಳಿಯಲು ತಾವೇ ಆ ಕಾರುಗಳನ್ನು ಟ್ರ್ಯಾಕ್‌ನಲ್ಲಿ ಓಡಿಸುತ್ತಿದ್ದರು.

ಯುದ್ಧ ಮುಗಿದ ಮೇಲೆ ರೇಸಿಗಾಗಿ ಹೊಸ ಎಂಜಿನ್ ಮಾಡುವಷ್ಟು ಅನುಕೂಲ ಕಂಪನಿಗಿರಲಿಲ್ಲ. ಕೈಯಲ್ಲಿದ್ದದ್ದು ದೊಡ್ಡವರು ಓಡಾಡುವ 300 ಸೆಡಾನ್‌ನ 3 ಲೀಟರ್ ಎಂಜಿನ್: ಆರು ಸಿಲಿಂಡರ್ ಸಾಲಾಗಿ, ಎತ್ತರ, ಭಾರ. ಎಂಜಿನ್ ಹಗುರಾಗದಿದ್ದರೆ ಉಳಿದದ್ದು ಹಗುರಾಗಬೇಕು. ತೆಳು ಉಕ್ಕಿನ ಕೊಳವೆಗಳನ್ನು ತ್ರಿಕೋನಗಳಾಗಿ ಬೆಸೆದು ಸುಮಾರು 50 ಕಿಲೋ ತೂಕದ ಚೌಕಟ್ಟು ಮಾಡಿದರು. ನಾಲ್ಕು ಕಡ್ಡಿ ಜೋಡಿಸಿದ ಚೌಕವನ್ನು ಒತ್ತಿದರೆ ಓರೆಯಾಗುತ್ತದೆ, ತ್ರಿಕೋನ ಜಗ್ಗುವುದಿಲ್ಲ. ಗುಟ್ಟು ಇಷ್ಟೇ. ಆದರೆ ಬಿಗಿ ಉಳಿಯಲು ಕೊಳವೆಗಳು ಪಕ್ಕದಲ್ಲಿ ಎತ್ತರಕ್ಕೆ ಬರಬೇಕಿತ್ತು, ಬಾಗಿಲು ಇರಬೇಕಾದ ಜಾಗದಲ್ಲೇ! ಅವನ್ನು ಕತ್ತರಿಸಿದರೆ ಚೌಕಟ್ಟೇ ಸಡಿಲ. ಹಾಗಾಗಿ ಕೀಲು ಚಾವಣಿಗೆ ಹೋಯಿತು. ಮೊದಲ ಕಾರುಗಳಲ್ಲಂತೂ ಕಿಟಕಿ ಹತ್ತಿದಂತೆ ಒಳಹೊಕ್ಕಬೇಕಿತ್ತು. 1952ರ ಲೆ ಮಾನ್ ರೇಸಿಗೆ ಬಾಗಿಲನ್ನು ತುಸು ಕೆಳಗಿಳಿಸಿದರು. ಎತ್ತರದ ಎಂಜಿನ್ನನ್ನು 50 ಡಿಗ್ರಿ ವಾಲಿಸಿ ಕೂರಿಸಿದ್ದರಿಂದ ಬಾನೆಟ್ ತಗ್ಗಾಯಿತು, ಗಾಳಿಯ ತಡೆ ಕಡಿಮೆಯಾಯಿತು. ಲೆ ಮಾನ್‌ನಲ್ಲಿ ಮೊದಲೆರಡು ಸ್ಥಾನ ಈ ಕಾರಿಗೇ ಬಂತು.

1954ರಲ್ಲಿ ನ್ಯೂಯಾರ್ಕ್‌ನಲ್ಲಿ ತೋರಿಸಿದ ರಸ್ತೆ ಮಾದರಿಯಲ್ಲಿ ಕಾರ್ಬ್ಯುರೇಟರ್ ಇರಲಿಲ್ಲ. ಬಾಷ್ ಕಂಪನಿಯ ಪಂಪು ಪೆಟ್ರೋಲನ್ನು ನೇರ ಸಿಲಿಂಡರಿಗೇ ಸಿಂಪಡಿಸುತ್ತಿತ್ತು. ಅದೇ ದಶಕದಲ್ಲಿ ನಮ್ಮ ಆಡುಗೋಡಿಯ ಮೈಕೋದಲ್ಲಿ ತಯಾರಾಗತೊಡಗಿದ ಡೀಸೆಲ್ ಪಂಪುಗಳು ಇದರ ಹತ್ತಿರದ ನೆಂಟರು. ಈ ಕೀರ್ತಿ ಉಲೆನ್‌ಹೌಟ್ ಒಬ್ಬರದಲ್ಲ, ಹಾನ್ಸ್ ಶೆರೆನ್‌ಬರ್ಗ್ ಮುಂತಾದವರದೂ ಹೌದು. ಒಂದು ತೊಡಕೂ ಇತ್ತು: ಕೀಲಿ ತಿರುಗಿಸಿ ಆರಿಸಿದರೂ ಎಂಜಿನ್ ಪೂರ್ತಿ ನಿಲ್ಲುವವರೆಗೆ ಪಂಪು ಪೆಟ್ರೋಲ್ ಸುರಿಯುತ್ತಿತ್ತು. ಅದು ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ಕೆಳಗಿಳಿಯುತ್ತಿದ್ದರಿಂದ ಆಯಿಲ್ ಬೇಗ ಬೇಗ ಬದಲಿಸಬೇಕಿತ್ತು.

1955ರ ಲೆ ಮಾನ್‌ನಲ್ಲಿ ಅವರ ಎಂಟು ಸಿಲಿಂಡರಿನ 300 ಎಸ್‌ಎಲ್‌ಆರ್ ಕಾರೊಂದು ಇನ್ನೊಂದಕ್ಕೆ ತಾಗಿ ಚಿಮ್ಮಿ, ಅದರ ಭಾಗಗಳು ಪ್ರೇಕ್ಷಕರ ಮೇಲೆ ಬಿದ್ದವು. ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಆ ವರ್ಷದ ಕೊನೆಗೆ ಕಂಪನಿ ರೇಸಿನಿಂದ ಹಿಂದೆ ಸರಿಯಿತು. ಮುಂದಿನ ರೇಸುಗಳಿಗೆಂದು ಕಟ್ಟಿದ್ದ ಎರಡು ಮುಚ್ಚಿದ ಕಾರುಗಳು ಹಾಗೇ ಉಳಿದವು. ಉಲೆನ್‌ಹೌಟ್ ಒಂದನ್ನು ಆಫೀಸಿನ ಓಡಾಟಕ್ಕೆ ಬಳಸಿದರು. ಅವೆರಡರಲ್ಲಿ ಒಂದು 2022ರಲ್ಲಿ 13.5 ಕೋಟಿ ಯೂರೋಗೆ ಮಾರಾಟವಾಯಿತು. 1989ರಲ್ಲಿ ತೀರಿಕೊಂಡ ಉಲೆನ್‌ಹೌಟ್ ಸ್ವಂತಕ್ಕೆಂದು ಒಂದು ಕಾರನ್ನೂ ಕೊಂಡವರಲ್ಲ.