ರೂಟರ್‌ಗಳಿಗೆ ದಾರಿ ತೋರಿಸುವ ಲೆಕ್ಕ ಹುಟ್ಟಿದ್ದು ಕಾಫಿ ಅಂಗಡಿಯಲ್ಲಿ! ಇದು ನಿಜವೇ?

ನಿಜ. ಆದರೆ ಅದನ್ನು ಇಂಟರ್ನೆಟ್‌ಗಾಗಿಯೇ ಕಂಡುಹಿಡಿದರು ಎನ್ನುವುದು ತಪ್ಪು. 1956ರಲ್ಲಿ ಇಂಟರ್ನೆಟ್ ಎಲ್ಲಿತ್ತು?

ಎಡ್ಸ್ಗರ್ ಡೈಕ್‌ಸ್ಟ್ರಾ ಹುಟ್ಟಿದ್ದು 1930ರಲ್ಲಿ, ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ. ಲೈಡನ್‌ನಲ್ಲಿ ಭೌತಶಾಸ್ತ್ರ ಓದುತ್ತಲೇ 1952ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಗಣಿತ ಕೇಂದ್ರದಲ್ಲಿ ಪ್ರೋಗ್ರಾಂ ಬರೆಯುವ ಕೆಲಸಕ್ಕೆ ಸೇರಿದರು. ಆಗ ಅದನ್ನು ಉದ್ಯೋಗ ಎಂದು ಯಾರೂ ಒಪ್ಪುತ್ತಿರಲಿಲ್ಲ. 1957ರಲ್ಲಿ ಮದುವೆಯ ದಾಖಲೆಯಲ್ಲಿ ವೃತ್ತಿ ಪ್ರೋಗ್ರಾಮರ್ ಎಂದು ಬರೆಸಲು ಹೋದರೆ ಕಚೇರಿಯವರು ಬಿಡಲಿಲ್ಲ. ಭೌತವಿಜ್ಞಾನಿ ಎಂದೇ ಬರೆಸಬೇಕಾಯಿತು!

ಅದಕ್ಕೂ ಮುಂಚಿನ ವರ್ಷದ ಮಾತು. ಆರ್ಮ್ಯಾಕ್ ಎಂಬ ಹೊಸ ಕಂಪ್ಯೂಟರ್‌ನ ಶಕ್ತಿಯನ್ನು ಸಾಮಾನ್ಯ ಜನರಿಗೂ ಅರ್ಥವಾಗುವಂತೆ ತೋರಿಸಬೇಕಿತ್ತು. ಒಂದು ಊರಿಂದ ಇನ್ನೊಂದು ಊರಿಗೆ ಹತ್ತಿರದ ದಾರಿ ಯಾವುದು ಎಂಬ ಪ್ರಶ್ನೆಯನ್ನು ಆರಿಸಿಕೊಂಡರು. ಮದುವೆಯಾಗಲಿದ್ದ ಹುಡುಗಿಯೊಂದಿಗೆ ಅಂಗಡಿ ಸುತ್ತಿ ದಣಿದು ಕಾಫಿಗೆ ಕೂತಾಗ, ಕಾಗದ ಪೆನ್ಸಿಲ್ ಇಲ್ಲದೆ, ಸುಮಾರು 20 ನಿಮಿಷದಲ್ಲಿ ಉತ್ತರ ಹೊಳೆಯಿತು. ಪ್ರದರ್ಶನಕ್ಕೆ ಬಳಸಿದ್ದು 64 ಊರುಗಳ ನಕ್ಷೆ. 1959ರಲ್ಲಿ ಅಚ್ಚಾದ ಲೇಖನ ಮೂರೇ ಪುಟ.

ವಿಧಾನ ಸರಳ. ಹೊರಟಲ್ಲಿಂದ ಅತಿ ಹತ್ತಿರದ ಊರನ್ನು ಮೊದಲು ಖಚಿತಮಾಡಿ. ಅದರ ಮೂಲಕ ಹೋದರೆ ಪಕ್ಕದ ಊರುಗಳಿಗೆ ದೂರ ಕಡಿಮೆಯಾಗುತ್ತದೆಯೇ ನೋಡಿ. ಉಳಿದವುಗಳಲ್ಲಿ ಈಗ ಹತ್ತಿರದ್ದು ಯಾವುದೋ ಅದನ್ನು ಖಚಿತಮಾಡಿ. ಹೀಗೇ ಮುಂದುವರಿಯಿರಿ.

ಇದೇ ಲೆಕ್ಕ ಇಂದು ಕಂಪನಿ, ಕಾಲೇಜುಗಳ ಒಳಗಿನ ರೂಟರ್‌ಗಳಲ್ಲಿ ಓಡುತ್ತಿದೆ. ಅದನ್ನು ಬಳಸುವ ನಿಯಮಾವಳಿಯ ಹೆಸರು ಓಎಸ್‌ಪಿಎಫ್, ಮೊದಲು ಪ್ರಕಟವಾದದ್ದು 1989ರಲ್ಲಿ. ರೂಟರ್‌ಗಳು ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ ಪಕ್ಕದವಕ್ಕೆ ಹಲೋ ಹೇಳುತ್ತವೆ. 40 ಸೆಕೆಂಡು ಉತ್ತರವಿಲ್ಲದಿದ್ದರೆ ಆ ದಾರಿ ಮುಚ್ಚಿದೆ ಎಂದು ಎಲ್ಲಕ್ಕೂ ತಿಳಿಸಿ, ಪ್ರತಿಯೊಂದೂ ಹೊಸದಾಗಿ ಲೆಕ್ಕ ಹಾಕುತ್ತದೆ. ಎರಡು ಬದಿಯಲ್ಲೂ ಈ ಸಮಯ ಒಂದೇ ಇರಬೇಕು, ಇಲ್ಲವಾದರೆ ಅವೆರಡರ ನಡುವೆ ಸಂಬಂಧವೇ ಕುದುರುವುದಿಲ್ಲ.

ಇಲ್ಲಿ ದೂರ ಎಂದರೆ ಕಿಲೋಮೀಟರ್ ಅಲ್ಲ, ಪ್ರತಿ ಸಂಪರ್ಕಕ್ಕೂ ಕೊಡುವ ವೆಚ್ಚದ ಅಂಕಿ. ಎಷ್ಟೋ ರೂಟರ್‌ಗಳು 100 ಎಂಬಿಪಿಎಸ್ ಅನ್ನು ಸಂಪರ್ಕದ ವೇಗದಿಂದ ಭಾಗಿಸಿ ಈ ಅಂಕಿ ಪಡೆಯುತ್ತವೆ. ಒಂದಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಹಾಗಾಗಿ 100 ಎಂಬಿಪಿಎಸ್ ದಾರಿಗೂ 1, ಅದರ ನೂರು ಪಟ್ಟು ವೇಗದ ದಾರಿಗೂ 1! ರೂಟರ್‌ಗೆ ಎತ್ತಿನಗಾಡಿ ರಸ್ತೆಯೂ ಹೆದ್ದಾರಿಯೂ ಒಂದೇ ಆಗಿಬಿಡುತ್ತದೆ. ಎಲ್ಲ ರೂಟರ್‌ಗಳಲ್ಲೂ ಆ ಮೂಲ ಅಂಕಿಯನ್ನು ಒಂದೇ ರೀತಿ ಏರಿಸದಿದ್ದರೆ ನೆಟ್‌ವರ್ಕ್ ನಿಧಾನವಾಗಬಹುದು. ಡೈಕ್‌ಸ್ಟ್ರಾ ಲೆಕ್ಕ ಅಲ್ಲಿ ತಪ್ಪಿಲ್ಲ. ಕೊಟ್ಟ ಅಂಕಿ ತಪ್ಪು.

ಪ್ರೋಗ್ರಾಂ ಸರಿಯೆಂದು ಗಣಿತದಿಂದಲೇ ತೋರಿಸಬೇಕು, ಬರೀ ಓಡಿಸಿ ನೋಡಿದರೆ ಸಾಲದು ಎಂಬುದು ಅವರ ಜೀವಮಾನದ ಹಟ. 1972ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. 1984ರಿಂದ ಅಮೆರಿಕದ ಆಸ್ಟಿನ್‌ನಲ್ಲಿ ಪ್ರಾಧ್ಯಾಪಕರು. 1,300ಕ್ಕೂ ಹೆಚ್ಚು ಟಿಪ್ಪಣಿ ಬರೆದರು, ಬಹುಪಾಲು ಇಂಕ್ ಪೆನ್ನಿನಲ್ಲಿ. ಅವುಗಳ ಜೆರಾಕ್ಸ್ ಪ್ರತಿಗಳು ಕೈಯಿಂದ ಕೈಗೆ ಹೋಗುತ್ತಿದ್ದವು, ಆ ಕಾಲದ ಫಾರ್ವರ್ಡ್ ಎನ್ನಿ. 2002ರ ಆಗಸ್ಟ್ 6ರಂದು ನೆದರ್ಲೆಂಡ್ಸ್‌ನ ನ್ಯೂನೆನ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು.