ಜೊತೆಯಲ್ಲಿ ಕುಳಿತು ಉಂಡ ಪ್ರೀತಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಮಳೆಯನ್ನೂ ತೋಟದ ದುಡಿಮೆಯನ್ನೂ ನಾವೆಲ್ಲರೂ ಬಲ್ಲೆವು. ಅಂಥದೇ ಸೀಮೆಯಾದ ಕೊಡಗಿನಲ್ಲಿ ಬಡವರಿಗೋಸ್ಕರ ತಮ್ಮನ್ನು ಸವೆಸಿಕೊಂಡ ಹರ್ಮನ್ ಮೋಗ್ಲಿಂಗ್ ಅಯ್ಯನವರನ್ನು ಇಲ್ಲಿ ಸ್ಮರಿಸುವೆವು.

1811ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಇವರು 1836ರಲ್ಲಿ ಬಾಸೆಲ್ ಮಿಶನ್ನಿನವರಾಗಿ ಮಂಗಳೂರಿಗೆ ಬಂದರು. ಅಲ್ಲಿಯ ಶಾಲೆಯಲ್ಲಿ ದೊರೆಯಂತೆ ಬೇರೆ ಇರದೆ, ಹುಡುಗರೊಡನೆ ವಾಸಿಸಿ, ಅವರು ಉಣ್ಣುವ ಅನ್ನವನ್ನೇ ಉಂಡರು. 1843ರಲ್ಲಿ ಮಂಗಳೂರ ಸಮಾಚಾರವೆಂಬ ಕನ್ನಡದ ಮೊದಲನೆಯ ಪತ್ರಿಕೆಯನ್ನು ಹೊರಡಿಸಿದರು. ಇಷ್ಟು ಹೆಸರು ಬಂದ ಮೇಲೂ ಅಲ್ಲಿಯೇ ನಿಲ್ಲದೆ, 1853ರಲ್ಲಿ ಕೊಡಗಿಗೆ ಹೋದರು. ತಲೆತಲಾಂತರದಿಂದ ಜೀತದಲ್ಲಿದ್ದ ಕುಟುಂಬಗಳು ಸುವಾರ್ತೆಯನ್ನು ಅಪೇಕ್ಷಿಸಿ ಬಂದಾಗ, ನೆಲವಿಲ್ಲದವರಿಗೆ ಉಪದೇಶ ಮಾತ್ರ ಸಾಲದೆಂದು ಅರಿತು, ಆನಂದಪುರವೆಂಬ ಊರನ್ನು ಕಟ್ಟಿ ಅವರನ್ನು ನೆಲೆಗೊಳಿಸಿದರು. 1860ರಲ್ಲಿ ಪತ್ನಿಯ ಅಸ್ವಸ್ಥತೆಯ ನಿಮಿತ್ತ ಆ ಜನರನ್ನು ಅಗಲಿ ಸ್ವದೇಶಕ್ಕೆ ಮರಳಿದರು, 1881ರಲ್ಲಿ ತೀರಿಕೊಂಡರು. ಆನಂದಪುರವು ಇಂದಿಗೂ ಇದೆ.

ಪ್ರಿಯರೇ, ಕೂಲಿಲೈನಿನಲ್ಲಿ ನೆರೆಯವನು ಜ್ವರದಿಂದ ಮಲಗಿರುವಾಗ, ಅವನ ಜಾತಿಯನ್ನೂ ಅವನು ನಮಗೆ ಮಾಡಿದ ಕೇಡನ್ನೂ ಎಣಿಸದೆ, ನಾವು ಗಂಜಿಯನ್ನು ಒಯ್ಯುವೆವೋ? ಒಯ್ದು, ಅವನ ಬಳಿಯಲ್ಲಿ ಕೂತುಕೊಳ್ಳುವೆವೋ? ನಮ್ಮ ಪ್ರೀತಿಯು ಅಲ್ಲಿಯೇ ಶೋಧಿಸಲ್ಪಡುವದು.